ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ: ಬಾಂಗ್ಲಾದೇಶದ ಮನೆ ಮನೆ ಪಾಠ

ಪಾಠ ಹೇಳಿದವರು ಸರಿಯಾಗಿಯೇ ಹೇಳಿದ್ದರು. ಕಲಿತವರೂ ಚೆನ್ನಾಗಿಯೇ ಕಲಿತಿದ್ದರು. ತಿಂಗಳು ಬಿಟ್ಟು ಹೋಗಿ ಕೇಳಿದರೆ ತಾಯಂದಿರು ಎಲ್ಲವನ್ನೂ ಪಟಪಟ ಒಪ್ಪಿಸುತ್ತಿದ್ದರು. ಎದುರಿಗೇ ಕೂತು ಉಪ್ಪು-ಬೆಲ್ಲದ ನೀರು ಕದಡಿ ತೋರಿಸುತ್ತಿದ್ದರು. ಆ ನೀರನ್ನು ಲ್ಯಾಬಿಗೆ ಕಳಿಸಿದರೆ ಅಲ್ಲೂ ಪಾಸು. ಆದರೆ ಅದೇ ಮನೆಯಲ್ಲಿ ಮಗುವಿಗೆ ಭೇದಿ ಹತ್ತಿಕೊಂಡಾಗ ಈ ನೀರು ಮಾಡಿ ಕುಡಿಸಿದರಾ ಅಂತ ನೋಡಿದರೆ, ಮೊದಲ ಲೆಕ್ಕದಲ್ಲಿ ನೂರು ಸಲ ಭೇದಿಯಾದರೆ ಹತ್ತು ಸಲವೂ ಕುಡಿಸಿರಲಿಲ್ಲ.

ಇದು 1980ರ ದಶಕದ ಆರಂಭದ ಬಾಂಗ್ಲಾದೇಶದ ಮಾತು. ಭೇದಿಯಾದ ಮಗುವಿಗೆ ಉಪ್ಪು-ಬೆಲ್ಲದ ನೀರು ಮಾಡಿ ಕುಡಿಸುವುದನ್ನು ಅಲ್ಲಿನ ಬ್ರ್ಯಾಕ್ ಎಂಬ ಸ್ವಯಂಸೇವಾ ಸಂಸ್ಥೆ ಮನೆ ಮನೆಗೆ ಹೋಗಿ ತಾಯಂದಿರಿಗೆ ಕಲಿಸುತ್ತಿತ್ತು. ಊರೂರಿಗೆ ಹೋಗಿ ಆರೋಗ್ಯದ ಪಾಠ ಹೇಳುವ ಕೆಲಸ ಜಗತ್ತಿನಲ್ಲಿ ಎಷ್ಟೋ ಕಡೆ ನಡೆದಿದೆ. ಆದರೆ ಇಷ್ಟು ದೊಡ್ಡ ಪ್ರಮಾಣದಲ್ಲಿ ನಡೆಸಿ, ಎಲ್ಲಿ ಎಡವಿದೆವು ಎಂದು ಇಷ್ಟು ಜಿದ್ದಿಗೆ ಬಿದ್ದು ಹುಡುಕಿದ ಉದಾಹರಣೆ ಅಪರೂಪ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಭೇದಿ ಕೊಲ್ಲುವುದು ಹೇಗೆ?

ಭೇದಿಯಲ್ಲಿ ಮಗು ಸಾಯುವುದು ಹೆಚ್ಚಾಗಿ ಮೈಯಲ್ಲಿನ ನೀರು, ಉಪ್ಪು ಹರಿದುಹೋಗುವುದರಿಂದ. ದೊಡ್ಡವರು ಒಂದೆರಡು ದಿನ ತಡೆದುಕೊಳ್ಳಬಹುದು. ಎಂಟು ತಿಂಗಳ ಕೂಸಿಗೆ ಒಂದೇ ದಿನ ಸಾಕು. ಕಣ್ಣು ಗುಳಿ ಬೀಳುತ್ತದೆ, ನೆತ್ತಿ ಕುಸಿಯುತ್ತದೆ, ಉಚ್ಚೆ ನಿಲ್ಲುತ್ತದೆ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತದೆ. ಆಮೇಲೆ ಅಳುವುದಕ್ಕೂ ತ್ರಾಣ ಇರುವುದಿಲ್ಲ.

ಆಗೆಲ್ಲ ಇದಕ್ಕೆ ಇದ್ದ ಮದ್ದು ರಕ್ತನಾಳಕ್ಕೆ ಹಾಕುವ ಡ್ರಿಪ್. ನಮ್ಮ ಕಡೆ ಈಗಲೂ 'ಗ್ಲೂಕೋಸ್ ಬಾಟ್ಲಿ' ಅಂತೀವಲ್ಲ, ಅದೇ. ಡ್ರಿಪ್ ಬೇಕೆಂದರೆ ಆಸ್ಪತ್ರೆ ಬೇಕು, ಸೂಜಿ ಹಾಕಲು ಬರುವ ಕೈ ಬೇಕು. ವರ್ಷದ ಅರ್ಧ ದಿನ ದೋಣಿಯಲ್ಲೇ ಓಡಾಡುವ ಹಳ್ಳಿಗಳಲ್ಲಿ ಇವೆಲ್ಲ ಎಲ್ಲಿಂದ ಬರಬೇಕು?

ಉತ್ತರ ಢಾಕಾದಲ್ಲೇ ಇತ್ತು. 1960ರಲ್ಲಿ ಅಲ್ಲಿ ಒಂದು ಕಾಲರಾ ಸಂಶೋಧನಾ ಪ್ರಯೋಗಾಲಯ ಶುರುವಾಗಿತ್ತು. 1968ರಲ್ಲಿ ಅಲ್ಲಿನ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ವೈದ್ಯರು ಕಾಲರಾ ರೋಗಿಗಳಿಗೆ ಗ್ಲೂಕೋಸ್ ಮತ್ತು ಲವಣ ಬೆರೆಸಿದ ನೀರನ್ನು ಕುಡಿಸಿಯೇ ಗುಣಪಡಿಸಬಹುದು ಎಂದು ತೋರಿಸಿದರು. ಭೇದಿಯಾದಾಗ ಬರೀ ನೀರನ್ನು ಕರುಳು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬರೀ ಉಪ್ಪುನೀರಿನದೂ ಅದೇ ಪಾಡು. ಜೊತೆಗೆ ಸಕ್ಕರೆ ಇದ್ದರೆ ಕಥೆ ಬೇರೆ. ಗ್ಲೂಕೋಸ್ ಮತ್ತು ಸೋಡಿಯಂ ಎರಡೂ ಒಟ್ಟಿಗೆ ಕರುಳಿನ ಗೋಡೆ ದಾಟುವ ಒಂದು ದಾರಿ ಇದೆ. ಅವುಗಳ ಹಿಂದೆ ನೀರೂ ಒಳಗೆ ಹೋಗುತ್ತದೆ. ಕಾಲರಾ ಎಷ್ಟೇ ಜೋರಾಗಿದ್ದರೂ ಈ ದಾರಿ ಮುಚ್ಚುವುದಿಲ್ಲ.

ಇದು ದೊಡ್ಡ ಮಟ್ಟದಲ್ಲಿ ಪರೀಕ್ಷೆಗೆ ಬಂದದ್ದು 1971ರ ಯುದ್ಧದ ಹೊತ್ತಿನಲ್ಲಿ. ಪಶ್ಚಿಮ ಬಂಗಾಳದ ಬೊನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂತು. ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದವು. ಡಾ. ದಿಲೀಪ್ ಮಹಾಲನಬಿಸ್ ಅವರು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡಾ ಬೆರೆಸಿ ರೋಗಿಗಳಿಗೆ ಕುಡಿಸಲು ಶುರು ಮಾಡಿದರು. ಕುಡಿಸಿದವರು ನರ್ಸುಗಳಲ್ಲ, ರೋಗಿಗಳ ಮನೆಯವರೇ. ಅಲ್ಲಿಯವರೆಗೆ ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. 1978ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ತನ್ನ ಸಂಪಾದಕೀಯದಲ್ಲಿ, ಇದು ಈ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಆಗಬಹುದು ಎಂದು ಬರೆಯಿತು.

ಅಷ್ಟಾದರೂ ಹಳ್ಳಿಯ ತಾಯಿಗೆ ಇದು ಯಾವುದೂ ತಲುಪಿರಲಿಲ್ಲ. 1980ರ ಸುಮಾರಿಗೆ ಬಾಂಗ್ಲಾದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ಹತ್ತಿರಹತ್ತಿರ ಇನ್ನೂರು ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಭೇದಿ ಅದರ ದೊಡ್ಡ ಕಾರಣಗಳಲ್ಲಿ ಒಂದು. ಮದ್ದು ಕಂಡುಹಿಡಿದ ಊರಿನ ಸುತ್ತಲೇ ಮಕ್ಕಳು ಆ ಮದ್ದಿಲ್ಲದೆ ಸಾಯುತ್ತಿದ್ದರು.

ಪ್ಯಾಕೆಟ್ ಬೇಡ, ಅಡುಗೆಮನೆ ಸಾಕು

ಬ್ರ್ಯಾಕ್ ಸಂಸ್ಥೆ 1972ರಲ್ಲಿ ಹುಟ್ಟಿದ್ದು. ಅದನ್ನು ಕಟ್ಟಿದ ಫಜ್ಲೆ ಹಸನ್ ಅಬೇದ್ ಅದಕ್ಕೂ ಮೊದಲು ಶೆಲ್ ಕಂಪನಿಯಲ್ಲಿ ಲೆಕ್ಕಪತ್ರದ ದೊಡ್ಡ ಹುದ್ದೆಯಲ್ಲಿದ್ದವರು. 1970ರ ಚಂಡಮಾರುತ, ಮರುವರ್ಷದ ಯುದ್ಧ ಎರಡೂ ಅವರ ದಾರಿ ಬದಲಿಸಿದವು. ಮೊದಲು ಸಿಲ್ಹೆಟ್ ಕಡೆಯ ಸುಲ್ಲಾ ಎಂಬ ತಗ್ಗು ಪ್ರದೇಶದಲ್ಲಿ, ಯುದ್ಧ ಮುಗಿದ ಮೇಲೆ ವಾಪಸ್ ಬಂದ ನಿರಾಶ್ರಿತರಿಗೆ ಮನೆ, ದೋಣಿ, ಬಲೆ ಒದಗಿಸುವ ಕೆಲಸ. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆ ವರ್ಷ ಮಕ್ಕಳಿಗಾಗಿ ಏನಾದರೂ ದೊಡ್ಡದು ಮಾಡಬೇಕು ಎಂದುಕೊಂಡು ಕೈಗೆತ್ತಿಕೊಂಡದ್ದೇ ಭೇದಿ. ಲೆಕ್ಕಿಗರ ಬುದ್ಧಿ ಈ ಕಾರ್ಯಕ್ರಮದ ತುಂಬಾ ಕಾಣುತ್ತದೆ. ಮುಂದೆ ಓದಿದರೆ ನಿಮಗೂ ಗೊತ್ತಾಗುತ್ತದೆ.

ಎಲ್ಲರಿಗೂ ಹೊಳೆಯುವ ದಾರಿ ಓಆರ್‌ಎಸ್ ಪ್ಯಾಕೆಟ್, ಅಂದರೆ ನೀರಿಗೆ ಬೆರೆಸುವ ಗ್ಲೂಕೋಸ್-ಲವಣದ ಪುಡಿ, ಹಂಚುವುದು. ಬ್ರ್ಯಾಕ್ ಅದನ್ನು ಬಿಟ್ಟಿತು. ಅಷ್ಟು ಪ್ಯಾಕೆಟ್ ತಯಾರಾಗುತ್ತಿರಲಿಲ್ಲ. ತಯಾರಾದರೂ ಮಳೆಗಾಲದ ನಡುರಾತ್ರಿ ಮಗುವಿಗೆ ಭೇದಿಯಾದಾಗ ಆ ಪ್ಯಾಕೆಟ್ ಮನೆಯಲ್ಲೇ ಇರುತ್ತದೆ ಎನ್ನುವ ಭರವಸೆ ಇರಲಿಲ್ಲ. ಉಪ್ಪು ಎಲ್ಲ ಮನೆಯಲ್ಲೂ ಇತ್ತು. ಸಕ್ಕರೆ ದುಬಾರಿ, ಬೆಲ್ಲ ಅಗ್ಗ. ಬಂಗಾಳಿಯಲ್ಲಿ ಉಪ್ಪು ಅಂದರೆ ಲೊಬೊನ್, ಬೆಲ್ಲ ಅಂದರೆ ಗುರ್. ಹಾಗಾಗಿ ಇದರ ಹೆಸರು 'ಲೊಬೊನ್-ಗುರ್' ಪಾನಕ.

ಈಗ ಅಳತೆಯ ತಲೆನೋವು. ಬೆಲ್ಲ ಕೊಂಚ ಹೆಚ್ಚುಕಮ್ಮಿಯಾದರೆ ನಡೆಯುತ್ತದೆ. ಉಪ್ಪಿನ ವಿಷಯ ಹಾಗಲ್ಲ. ಕಡಿಮೆಯಾದರೆ ಉಪಯೋಗವಿಲ್ಲ, ಜಾಸ್ತಿಯಾದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ತಕ್ಕಡಿ, ಚಮಚ ಯಾವುದನ್ನೂ ನಂಬುವ ಹಾಗಿಲ್ಲ. ಒಂದೊಂದು ಮನೆಯಲ್ಲಿ ಒಂದೊಂದು ಗಾತ್ರದ ಚಮಚ, ಎಷ್ಟೋ ಮನೆಯಲ್ಲಿ ಚಮಚವೇ ಇಲ್ಲ. ಕೊನೆಗೆ ಉಳಿದದ್ದು ತಾಯಿಯ ಕೈ. ಮೂರು ಬೆರಳು ಸೇರಿಸಿ, ತೋರುಬೆರಳಿನ ಮೊದಲ ಗೆರೆಯವರೆಗೆ ಹಿಡಿದ ಒಂದು ಚಿಟಿಕೆ ಉಪ್ಪು. ನಾಲ್ಕು ಬೆರಳಲ್ಲಿ ಬಾಚಿದ ಒಂದು ಹಿಡಿ ಬೆಲ್ಲ. ಅರ್ಧ ಸೇರು ನೀರು. ಅಲ್ಲಿನ ಸೇರಿನ ಲೆಕ್ಕದಲ್ಲಿ ಅದು ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ.

ನೀರಿನ ಅಳತೆಗೆ ಇನ್ನೊಂದು ಉಪಾಯ. ಕಾರ್ಯಕರ್ತೆ ಅಳತೆಯ ಪಾತ್ರೆಯನ್ನು ಜೊತೆಗೆ ಒಯ್ಯುತ್ತಿದ್ದಳು. ಆ ಮನೆಯದೇ ಒಂದು ಪಾತ್ರೆಗೆ ಅರ್ಧ ಸೇರು ನೀರು ಸುರಿದು, ಎಲ್ಲಿಗೆ ಬಂತೋ ಅಲ್ಲಿ ಗುರುತು ಮಾಡಿಕೊಡುತ್ತಿದ್ದಳು. ಅವಳು ಹೊರಟುಹೋದ ಮೇಲೂ ಆ ಗುರುತು ಮನೆಯಲ್ಲಿ ಉಳಿಯುತ್ತಿತ್ತು.

ಅಂಗಳದಲ್ಲಿ ಕೂತು

1979ರಲ್ಲಿ ಸುಲ್ಲಾದಲ್ಲಿ ಸಣ್ಣದಾಗಿ ಪ್ರಯೋಗ ಮಾಡಿ ನೋಡಿದರು. 1980ರಲ್ಲಿ ಪೂರ್ತಿ ಕಾರ್ಯಕ್ರಮ ಶುರುವಾಯಿತು. ಹೆಸರು ಓರಲ್ ಥೆರಪಿ ಎಕ್ಸ್‌ಟೆನ್ಷನ್ ಪ್ರೋಗ್ರಾಂ. ಮೊದಲ ಹಂತದಲ್ಲಿ ಸಿಲ್ಹೆಟ್, ಫರೀದ್‌ಪುರ, ಜೆಸ್ಸೋರ್, ಖುಲ್ನಾ, ಕುಷ್ಟಿಯಾ ಎಂಬ ಐದು ಜಿಲ್ಲೆಗಳು. ಹಳ್ಳಿಯಿಂದ ಹಳ್ಳಿಗೆ ಹೋಗುವ ತಂಡಗಳು. ಒಂದೊಂದರಲ್ಲಿ ಹದಿನಾಲ್ಕರ ಆಸುಪಾಸು ಯುವತಿಯರು, ಒಬ್ಬ ಅಡುಗೆಯವರು, ಒಬ್ಬ ಮೇಲ್ವಿಚಾರಕ. ಸ್ವಲ್ಪ ಓದು ಬಂದಿದ್ದರೆ ಸಾಕಿತ್ತು. ಡಾಕ್ಟರಿಕೆ, ನರ್ಸಿಂಗ್ ಏನೂ ಬೇಕಿರಲಿಲ್ಲ.

ಆ ಕಾಲದ ಬಾಂಗ್ಲಾ ಹಳ್ಳಿಯಲ್ಲಿ ಹೆಂಗಸರು ಒಬ್ಬೊಬ್ಬರೇ ಊರು ಸುತ್ತುವುದು ಎಂದರೆ ಸಾಮಾನ್ಯ ಮಾತಲ್ಲ. ಪರ್ದಾ ಕಟ್ಟುನಿಟ್ಟಾಗಿತ್ತು. ಮನೆಬಿಟ್ಟು ಬೇರೆ ಊರಲ್ಲಿ ಉಳಿದು ದುಡಿಯುವ ಹುಡುಗಿಯರ ಬಗ್ಗೆ ಜನ ಏನೆಲ್ಲ ಆಡಿಕೊಂಡಿರಬಹುದು ಎಂಬುದನ್ನು ನಾವು ಊಹಿಸಬಹುದು. ಆದರೆ ಅದೇ ಪರ್ದಾದ ಕಾರಣಕ್ಕೆ ಗಂಡಸರನ್ನು ಕಳಿಸಿದ್ದರೆ ಅಂಗಳದಾಚೆಗೇ ನಿಲ್ಲಬೇಕಾಗುತ್ತಿತ್ತು. ಒಳಗೆ ಹೋಗಿ ತಾಯಿಯ ಪಕ್ಕ ಕೂರಲು ಹೆಂಗಸೇ ಆಗಬೇಕಿತ್ತು.

ಪಾಠದಲ್ಲಿ ನೆನಪಿಡಬೇಕಾದ ಅಂಶಗಳು ಹತ್ತು. ಆಮೇಲೆ ಅವನ್ನು ಏಳಕ್ಕೆ ಇಳಿಸಿದರು. ಭೇದಿ ಎಂದರೆ ಏನು, ನೀರು ಬತ್ತಿದ್ದನ್ನು ಗುರುತಿಸುವುದು ಹೇಗೆ, ಪಾನಕ ಹೇಗೆ ಮಾಡಬೇಕು, ಎಷ್ಟು ಕುಡಿಸಬೇಕು, ಎದೆಹಾಲು ಮತ್ತು ಊಟ ಯಾಕೆ ನಿಲ್ಲಿಸಬಾರದು, ಹೀಗೆ. ಊಟದ ಮಾತು ನಮಗೂ ಗೊತ್ತಿರುವುದೇ. 'ಹೊಟ್ಟೆ ಕೆಟ್ಟಿದೆ, ಹೊಟ್ಟೆ ಖಾಲಿ ಬಿಡು' ಎನ್ನುವ ಅಜ್ಜಿಯರು ಅಲ್ಲೂ ಇದ್ದರು. ಭೇದಿಯಾದ ಮಗುವನ್ನು ಉಪವಾಸ ಕೆಡವಿದರೆ ಅದು ಇನ್ನಷ್ಟು ಸೊರಗಿ, ಮುಂದಿನ ಭೇದಿಗೆ ಸುಲಭದ ತುತ್ತಾಗುತ್ತದೆ.

ಕಾರ್ಯಕ್ರಮದವರು ಬೇಗನೆ ಕಲಿತ ಒಂದು ವಿಷಯ ಇದೆ. ಮಾಡುವುದು ಹೇಗೆ ಎಂದು ವಿವರಿಸಿದರೆ, ಅಥವಾ ಕಾರ್ಯಕರ್ತೆಯೇ ಮಾಡಿ ತೋರಿಸಿದರೆ ತಾಯಂದಿರು ತಲೆಯಾಡಿಸುತ್ತಿದ್ದರು. ಅಷ್ಟಕ್ಕೇ ಮುಗಿಯುತ್ತಿತ್ತು. ತಾಯಿಯ ಕೈಯಲ್ಲೇ ಮಾಡಿಸಿದಾಗ ಮಾತ್ರ ಅದು ನಿಲ್ಲುತ್ತಿತ್ತು. ಕೇಳಿದರೆ ಬಹಳ ಸಣ್ಣ ಸಂಗತಿ. ಆದರೆ ನಮ್ಮ ಎಷ್ಟು ಅರಿವು ಕಾರ್ಯಕ್ರಮಗಳಲ್ಲಿ ಕೇಳಲು ಬಂದವರ ಕೈಗೆ ಏನಾದರೂ ಕೆಲಸ ಕೊಡುತ್ತೇವೆ ಹೇಳಿ. ಶಾಮಿಯಾನ, ಮೈಕು, ಬ್ಯಾನರ್, ಭಾಷಣ, ಫೋಟೊ. ಮುಗೀತು.

ಸಂಬಳದ ಲೆಕ್ಕ

ಲೆಕ್ಕಿಗರ ಬುದ್ಧಿ ಅಂದೆನಲ್ಲ, ಅದು ಇಲ್ಲಿದೆ. ಕಾರ್ಯಕರ್ತೆ ಎಷ್ಟು ಮನೆ ಸುತ್ತಿದಳು ಎಂದು ನೋಡಿ ದುಡ್ಡು ಕೊಡಲಿಲ್ಲ. ತಾಯಿಗೆ ಎಷ್ಟು ನೆನಪಿದೆ ಎಂದು ನೋಡಿ ಕೊಟ್ಟರು.

ಪಾಠವಾಗಿ ಸುಮಾರು ಒಂದು ತಿಂಗಳಿಗೆ ಬೇರೊಬ್ಬ ಪರಿಶೀಲಕ ಅದೇ ಹಳ್ಳಿಗೆ ಬರುತ್ತಿದ್ದ. ಕೆಲವು ಮನೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಿದ್ದ. ತಾಯಿಯನ್ನು ಪ್ರಶ್ನೆ ಕೇಳುವುದು, ಪಾನಕ ಮಾಡಿಸುವುದು, ಅದರ ಮಾದರಿಯನ್ನು ಪರೀಕ್ಷೆಗೆ ಒಯ್ಯುವುದು ಅವನ ಕೆಲಸ. ಎಲ್ಲ ಸರಿಯಿದ್ದರೆ ಆ ತಾಯಿಗೆ 'ಎ' ದರ್ಜೆ, ಕಲಿಸಿದವಳಿಗೆ 4 ಟಾಕಾ. 'ಬಿ' ಬಂದರೆ 2, 'ಸಿ' ಬಂದರೆ 1. 'ಡಿ' ಬಂದರೆ ಏನೂ ಇಲ್ಲ. ಪಾನಕದ ಅಳತೆ ತಪ್ಪಿದ್ದರೆ ಬಾಯಿಪಾಠ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಪರೀಕ್ಷೆ ಬರೆಯುವವಳು ತಾಯಿ, ಅಂಕ ಬೀಳುವುದು ಮೇಷ್ಟ್ರಿಗೆ. ನಮ್ಮ ಶಾಲೆಗಳಿಗೆ ಇದನ್ನು ತಂದರೆ ದೊಡ್ಡ ಗಲಾಟೆಯೇ ಆಗುತ್ತದೆ, ಇರಲಿ. ಹೀಗೆ ಕೂಲಿ ಕಟ್ಟುವುದು ಆ ಹುಡುಗಿಯರಿಗೆ ಎಷ್ಟು ಕಷ್ಟವಾಗಿರಬೇಕು ಎಂದೂ ನನಗೆ ಅನಿಸುತ್ತದೆ. ತಾಯಿಗೆ ಆ ದಿನ ತಲೆನೋವು ಇದ್ದು ಎರಡು ಅಂಶ ಮರೆತರೂ ನಷ್ಟ ಇವಳಿಗೆ. ಆದರೂ ಕಲಿಕೆಯ ಮಟ್ಟ ಏರಿದ್ದು ನಿಜ. ಹೆಚ್ಚಿನ ತಾಯಂದಿರು ಎ ಅಥವಾ ಬಿ ದರ್ಜೆಯಲ್ಲಿ ಬರತೊಡಗಿದರು.

ಈ ಲೆಕ್ಕದಲ್ಲೇ ಒಂದು ಪೊಳ್ಳೂ ಇತ್ತು. ದುಡ್ಡು ನೆನಪಿಗೆ ಕಟ್ಟಿತ್ತು, ಬಳಕೆಗೆ ಅಲ್ಲ. ಬಳಕೆಯನ್ನು ಬೇರೆಯಾಗಿ ಅಳೆದಾಗಲೇ ಆ ಕೆಟ್ಟ ಸುದ್ದಿ ಬಂದದ್ದು.

ಕಲಿತವರು ಯಾಕೆ ಕುಡಿಸಲಿಲ್ಲ?

ಬೇರೆ ಸಂಸ್ಥೆಯಾಗಿದ್ದರೆ 'ಶೇಕಡಾ ತೊಂಬತ್ತು ತಾಯಂದಿರಿಗೆ ಮಾಹಿತಿ ತಲುಪಿದೆ' ಎಂದು ವರದಿ ಬರೆದು ಸುಮ್ನೆ ಆಗಿಬಿಡುತ್ತಿದ್ದರೇನೋ. ವರದಿ ಸುಳ್ಳಂತೂ ಆಗುತ್ತಿರಲಿಲ್ಲ. ಅಥವಾ 'ಜನರಿಗೆ ಎಷ್ಟು ಹೇಳಿದರೂ ಅಷ್ಟೆ, ಮೂಢನಂಬಿಕೆ' ಎನ್ನಬಹುದಿತ್ತು. ಬ್ರ್ಯಾಕ್ ತನ್ನ ಸಂಶೋಧಕರನ್ನು ಹಳ್ಳಿಗೆ ಕಳಿಸಿತು. ಅವರು ತಂದ ಉತ್ತರಗಳು ಒಂದಲ್ಲ, ಹಲವು.

ಎಲ್ಲಕ್ಕಿಂತ ಮುಜುಗರದ ಉತ್ತರ ಸಂಸ್ಥೆಯ ಒಳಗೇ ಸಿಕ್ಕಿತು. ಕಾರ್ಯಕರ್ತೆಯರಿಗೇ ಈ ಪಾನಕದ ಮೇಲೆ ನಂಬಿಕೆ ಇರಲಿಲ್ಲ. ನಿಮಗೆ ಭೇದಿಯಾದರೆ ಏನು ತಗೊಳ್ತೀರಿ ಎಂದು ಕೇಳಿದಾಗ ಎಷ್ಟೋ ಜನ ಹೇಳಿದ್ದು ಮಾತ್ರೆಯ ಹೆಸರು. ಉಪ್ಪು-ಬೆಲ್ಲದ ನೀರು ಹಳ್ಳಿಯ ಬಡವರಿಗೆ, ತಮಗೆ ಮಾತ್ರೆ. ಕೆಲಸ ಕೊಟ್ಟಿದ್ದಾರೆ, ಹೇಳುತ್ತೇವೆ, ಅಷ್ಟೆ. ಇದು ಎದುರಿಗೆ ಕೂತ ತಾಯಿಗೆ ಗೊತ್ತಾಗದೇ ಇರುತ್ತದೆಯೇ? ಹೇಳುವವರ ಮುಖ ನೋಡಿಯೇ ಜನ ಅರ್ಧ ಅಳೆದಿರುತ್ತಾರೆ.

ನನ್ನ ಪ್ರಕಾರ ಇಡೀ ಪ್ರಕರಣದ ತಿರುಳು ಇದೇ ಪ್ರಶ್ನೆಯಲ್ಲಿದೆ. ತಾಯಂದಿರನ್ನು ಬಿಟ್ಟು ತಮ್ಮವರನ್ನೇ 'ನೀವು ಕುಡಿಯುತ್ತೀರಾ?' ಎಂದು ಕೇಳಲು ಒಂದು ಬಗೆಯ ಧೈರ್ಯ ಬೇಕು.

ಎರಡನೆಯದು ಗಂಡಸರ ವಿಷಯ. ಹೆಂಗಸರು ಬಂದು ಹೆಂಗಸರ ಜೊತೆ ಮಾತಾಡಿ ಹೋಗುತ್ತಿದ್ದರು. ಮನೆಯ ಯಜಮಾನನಿಗೆ ಏನು, ಏಕೆ ಎಂದು ಯಾರೂ ಹೇಳಿರಲಿಲ್ಲ. ಮಗುವಿಗೆ ಹುಷಾರಿಲ್ಲ ಎಂದಾಗ ಊರಿನ ಡಾಕ್ಟರ ಹತ್ತಿರ ಓಡುವವನು, ಔಷಧಿಗೆ ದುಡ್ಡು ಬಿಚ್ಚುವವನು ಅವನು. 'ಉಪ್ಪುನೀರು ಕುಡಿಸ್ತಾಳಂತೆ' ಎಂದು ಅವನೋ, ಅವನ ತಾಯಿಯೋ ತಳ್ಳಿಹಾಕಿದರೆ ಸೊಸೆಯ ಪಾಠ ಅಲ್ಲಿಗೆ ಮುಗಿದಂತೆ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಕಾರ್ಯಕರ್ತೆಯರು ಪಾಠದಲ್ಲಿ 'ಡಯೇರಿಯಾ' ಎನ್ನುತ್ತಿದ್ದರು. ಹಳ್ಳಿಯವರ ಮಟ್ಟಿಗೆ ಭೇದಿ ಒಂದೇ ಕಾಯಿಲೆ ಅಲ್ಲ. ಅವರಲ್ಲಿ ನಾಲ್ಕು ಬಗೆ ಇತ್ತು. ಹಾಲು ಕುಡಿಯುವ ಕೂಸಿಗೆ ಆಗುವುದು ಒಂದು. ತಿಂದದ್ದು ಜೀರ್ಣವಾಗದೆ ಆಗುವ ಅಜೀರ್ಣ ಒಂದು. ರಕ್ತ, ಲೋಳೆ ಬೀಳುವ ಆಮಾಶ ಇನ್ನೊಂದು, ನಮ್ಮ ಆಮಶಂಕೆ. ನೀರಿನ ಹಾಗೆ ಹರಿಯುವ, ಜೀವ ತೆಗೆಯುವ ಕಾಲರಾದಂಥದ್ದಕ್ಕೆ ಮಾತ್ರ ಅವರು ಡಯೇರಿಯಾ ಎನ್ನುತ್ತಿದ್ದರು. ಆ ಕೊನೆಯದಕ್ಕೆ ಪಾನಕ ಕುಡಿಸುತ್ತಿದ್ದವರು ಹೆಚ್ಚು. ಉಳಿದ ಮೂರಕ್ಕೂ ಪಾನಕಕ್ಕೂ ಸಂಬಂಧವೇ ಇಲ್ಲ ಎಂದು ಅವರು ತಿಳಿದಿದ್ದರು. ಸಂಶೋಧಕರು ಎಲ್ಲ ಬಗೆಯ ಭೇದಿಯನ್ನೂ ಕೂಡಿಸಿ ಭಾಗಿಸಿದ್ದರಿಂದ ಬಳಕೆ ಅಷ್ಟು ಕಡಿಮೆ ಕಂಡಿತ್ತು. ತಾಯಂದಿರು ಪಾಠ ಮರೆತಿರಲಿಲ್ಲ. ತಮ್ಮ ಅರ್ಥದಲ್ಲಿ ಪಾಲಿಸುತ್ತಿದ್ದರು.

ನಮ್ಮಲ್ಲೂ 'ಹಲ್ಲು ಬರುವಾಗ ಆಗೋ ಭೇದಿ' ಎಂಬುದೊಂದಿದೆ, ಅಲ್ವಾ? ಅದಕ್ಕೆ ಔಷಧಿ ಬೇಡ, ತಾನೇ ಹೋಗುತ್ತದೆ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಆ ಮಗುವಿಗೂ ನೀರು ಬತ್ತುತ್ತದೆ.

ಇನ್ನೊಂದು ತೊಡಕು ಪಾನಕದ ಗುಣದಲ್ಲೇ ಇದೆ. ಅದು ಭೇದಿಯನ್ನು ನಿಲ್ಲಿಸುವುದಿಲ್ಲ. ಹೋದ ನೀರನ್ನು ತುಂಬಿಕೊಡುತ್ತದೆ, ಭೇದಿ ತನ್ನ ಪಾಡಿಗೆ ತಾನು ಎರಡು ಮೂರು ದಿನಕ್ಕೆ ನಿಲ್ಲುತ್ತದೆ. ಬಟ್ಟೆ ಒಗೆದು ಸುಸ್ತಾದ ತಾಯಿಗೆ ಬೇಕಿರುವುದು ಭೇದಿ ನಿಲ್ಲುವುದು. ಕುಡಿಸಿದ ಮೇಲೂ ಮಗು ಮತ್ತೆ ಕಕ್ಕ ಮಾಡಿದರೆ 'ಇದು ಕೆಲಸ ಮಾಡಲಿಲ್ಲ' ಎಂದೇ ಅವಳಿಗೆ ಅನಿಸುತ್ತದೆ. ಈ ಮಾತನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಎರಡನೇ ಲೋಟ ಮಾಡುವವರಿಲ್ಲ.

ದಾರಿ ತಿದ್ದಿಕೊಂಡದ್ದು

ಕಾರ್ಯಕರ್ತೆಯರ ಅಪನಂಬಿಕೆಗೆ ಸುತ್ತೋಲೆ ಹೊರಡಿಸಲಿಲ್ಲ. ಢಾಕಾದ ಕಾಲರಾ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಕೈಕಾಲು ಜೋಲುಬಿದ್ದ ಮಕ್ಕಳು ಬರುವುದು, ಕುಡಿಸುತ್ತಾ ಹೋದಂತೆ ಕೆಲವೇ ಗಂಟೆಗಳಲ್ಲಿ ಕಣ್ಣುಬಿಟ್ಟು ಕೂರುವುದು ಅವರ ಕಣ್ಣೆದುರೇ ನಡೆಯಿತು. ತರಬೇತಿಯಲ್ಲಿ ಪಾನಕ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇನ್ನೂ ಬಿಡಿಸಿ ಹೇಳಿದರು. ಇನ್ನು ಮುಂದೆ ಮನೆಗೆ ಹೋದಾಗ ತಾಯಿ ಮಾಡಿದ ಪಾನಕವನ್ನು ಕಾರ್ಯಕರ್ತೆ ತಾನೂ ಒಂದು ಗುಟುಕು ಕುಡಿಯುವಂತಾಯಿತು.

ಗಂಡಸರಿಗಾಗಿ ಗಂಡಸರನ್ನೇ ಕಳಿಸಿದರು. ಸಂತೆಯಲ್ಲಿ, ಮಸೀದಿಯಲ್ಲಿ, ಶಾಲೆಯಲ್ಲಿ ಸಭೆಗಳು. ಊರಿನ ಮುಖ್ಯಸ್ಥರು, ಇಮಾಮರು, ಮೇಷ್ಟ್ರುಗಳು. ಮುಖ್ಯವಾಗಿ ಓದಿದ ಡಿಗ್ರಿ ಇಲ್ಲದ ಹಳ್ಳಿ ಡಾಕ್ಟರುಗಳು ಮತ್ತು ಔಷಧಿ ಅಂಗಡಿಯವರು. ಇವರನ್ನು ಎದುರು ಹಾಕಿಕೊಂಡು ಉಪಯೋಗವಿಲ್ಲ ಎಂಬುದು ಬ್ರ್ಯಾಕ್‌ಗೆ ಅರ್ಥವಾಗಿತ್ತು. ರೇಡಿಯೋ, ಟಿವಿ, ಪೋಸ್ಟರುಗಳೂ ಸೇರಿಕೊಂಡವು. ಪಾಠದಲ್ಲಿ ನಾಲ್ಕೂ ಬಗೆಯ ಭೇದಿಯ ಹೆಸರು ಹಿಡಿದು, ಇವೆಲ್ಲಕ್ಕೂ ಕುಡಿಸಿ ಎಂದು ಹೇಳತೊಡಗಿದರು.

ನಿಧಾನವಾಗಿ ಬಳಕೆ ಏರಿತು. 1990ರ ಹೊತ್ತಿಗೆ ತಂಡಗಳು ದೇಶದ ಹೆಚ್ಚುಕಡಿಮೆ ಎಲ್ಲ ಗ್ರಾಮೀಣ ಭಾಗವನ್ನೂ ಮುಟ್ಟಿದ್ದವು. 1 ಕೋಟಿ 20 ಲಕ್ಷಕ್ಕೂ ಜಾಸ್ತಿ ಮನೆಗಳು. ಒಂದೊಂದು ಮನೆಗೆ ಆದ ಖರ್ಚು ಒಂದು ಡಾಲರಿಗೂ ಕಡಿಮೆ.

ಎಷ್ಟು ಶ್ರೇಯಸ್ಸು ಇದಕ್ಕೆ?

ಬಾಂಗ್ಲಾದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು 1990ರ ಸುಮಾರಿಗೆ ಸಾವಿರಕ್ಕೆ ನೂರೈವತ್ತರ ಹತ್ತಿರ ಬಂತು. ಈಗ ಮೂವತ್ತರ ಆಸುಪಾಸಿದೆ. ಇದೆಲ್ಲ ಉಪ್ಪು-ಬೆಲ್ಲದ ಕೆಲಸ ಎಂದರೆ ಅತಿಯಾಗುತ್ತದೆ. 1980ರ ದಶಕದ ಕೊನೆಯಲ್ಲಿ ಲಸಿಕೆ ಹಾಕುವ ಕೆಲಸ ಜೋರಾಗಿ ನಡೆಯಿತು, ಬ್ರ್ಯಾಕ್ ಅದರಲ್ಲೂ ಇತ್ತು. ಕೊಳವೆಬಾವಿಗಳು ಬಂದವು, ಹೆಣ್ಣುಮಕ್ಕಳು ಶಾಲೆಗೆ ಹೋದರು, ಮನೆಗೆ ಮಕ್ಕಳ ಸಂಖ್ಯೆ ಕಡಿಮೆಯಾಯಿತು. ಯಾವುದರ ಪಾಲು ಎಷ್ಟು ಎಂದು ಹರಿದು ಹಂಚುವುದು ಕಷ್ಟ.

ಭೇದಿಯಾದಾಗ ಕುಡಿಸಬೇಕು ಎಂಬುದು ಮನೆಮಾತಾಗಿದೆ ಎನ್ನುವುದರಲ್ಲಿ ಮಾತ್ರ ಅನುಮಾನವಿಲ್ಲ. 1990ರ ದಶಕದಲ್ಲಿ ಹೋಗಿ ನೋಡಿದಾಗಲೂ ಹತ್ತರಲ್ಲಿ ಸುಮಾರು ಏಳು ತಾಯಂದಿರಿಗೆ ಸರಿಯಾದ ಪಾನಕ ಮಾಡಲು ಬರುತ್ತಿತ್ತು. ಅವರಲ್ಲಿ ಎಷ್ಟೋ ಜನ ಕಾರ್ಯಕರ್ತೆ ಬಂದಾಗ ಇನ್ನೂ ಚಿಕ್ಕ ಹುಡುಗಿಯರು. ತಾಯಿಯಿಂದ, ಅತ್ತೆಯಿಂದ, ಪಕ್ಕದ ಮನೆಯಿಂದ ಕಲಿತವರು. 2014ರ ಸಮೀಕ್ಷೆಯಲ್ಲಿ ಭೇದಿಯಾದ ಮಕ್ಕಳಲ್ಲಿ ನೂರಕ್ಕೆ 77 ಮಕ್ಕಳಿಗೆ ಓಆರ್‌ಎಸ್ ಪ್ಯಾಕೆಟ್ಟಿನ ನೀರು ಸಿಕ್ಕಿತ್ತು. ನಮ್ಮ ದೇಶದ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆ ಸಂಖ್ಯೆ ಸುಮಾರು 61.

ನಮ್ಮಲ್ಲಿ ಪ್ಯಾಕೆಟ್ ಸಿಗುವುದು ಕಷ್ಟವಲ್ಲ. ಆಶಾ ಕಾರ್ಯಕರ್ತೆಯರು ಮನೆಗೇ ತಂದುಕೊಡುತ್ತಾರೆ, ಅಂಗನವಾಡಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರುತ್ತದೆ. ಕಷ್ಟ ಇರುವುದು ಬೇರೆ ಕಡೆ. ದೊಡ್ಡ ಪ್ಯಾಕೆಟ್ಟನ್ನು ಒಂದು ಲೀಟರ್ ನೀರಿಗೆ ಪೂರ್ತಿ ಹಾಕಬೇಕು. ಒಂದು ಲೋಟಕ್ಕೆ ಸ್ವಲ್ಪ ಸ್ವಲ್ಪ ಪುಡಿ ಹಾಕಿ ಕೊಟ್ಟರೆ ಅಳತೆ ಕೆಡುತ್ತದೆ. ಬೆರೆಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಜೊತೆಗೆ ಝಿಂಕ್ ಮಾತ್ರೆ 10ರಿಂದ 14 ದಿನ ಕೊಡಬೇಕು. ಭೇದಿ ಮೂರು ದಿನಕ್ಕೆ ನಿಂತಿತು ಎಂದು ಮಾತ್ರೆ ನಿಲ್ಲಿಸಬಾರದು. ಪ್ಯಾಕೆಟ್ ಇಲ್ಲದ ಹೊತ್ತಿಗೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಂಗಡಿಯ ಸಿಹಿ ಪೇಯಗಳಿಂದ ಈ ಕೆಲಸ ಆಗುವುದಿಲ್ಲ. ಸಕ್ಕರೆ ಜಾಸ್ತಿಯಾದರೆ ಭೇದಿ ಹೆಚ್ಚುತ್ತದೆ. ಓಆರ್‌ಎಸ್ ಎಂದೇ ಹೆಸರಿಟ್ಟುಕೊಂಡು ಬರುತ್ತಿದ್ದ ಇಂಥ ಸಿಹಿ ಡಬ್ಬಿಗಳಿಗೆ ಆ ಹೆಸರು ಬಳಸಕೂಡದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಹೊರಡಿಸಿದ್ದು 2025ರ ಅಕ್ಟೋಬರ್‌ನಲ್ಲಿ. ಮಗು ಕುಡಿದದ್ದೆಲ್ಲ ವಾಂತಿ ಮಾಡುತ್ತಿದ್ದರೆ, ಮಂಕಾಗಿ ಬಿದ್ದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯಬಾರದು, ಆಸ್ಪತ್ರೆಗೆ ಹೋಗಬೇಕು. ಹೋಗುವ ದಾರಿಯಲ್ಲೂ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು.

ಬಾಂಗ್ಲಾದೇಶದಲ್ಲಿ ಕೊನೆಗೂ ಪೂರ್ತಿ ಬಗೆಹರಿಯದೆ ಉಳಿದದ್ದು ಆ ನಾಲ್ಕು ಬಗೆಯ ಭೇದಿಯ ಗಂಟು. ಕಾರ್ಯಕ್ರಮ ಮುಗಿದು ಕೆಲವು ವರ್ಷಗಳ ನಂತರ ನೋಡಿದಾಗಲೂ ಜನ ಪಾನಕ ಅತಿ ಹೆಚ್ಚು ಕುಡಿಸುತ್ತಿದ್ದದ್ದು ನೀರಿನಂತೆ ಹರಿಯುವ ಭೇದಿಗೇ. ಉಳಿದವಕ್ಕೆ ಅಷ್ಟಾಗಿ ಇಲ್ಲ. ಹಳ್ಳಿ ಡಾಕ್ಟರುಗಳು, ಔಷಧಿ ಅಂಗಡಿಯವರು ಮಾತ್ರ ಬದಲಾಗಿದ್ದರು. ಭೇದಿ ಎಂದು ಬಂದವರಿಗೆ ಕುಡಿಸುವ ಮಾತನ್ನು ಅವರು ಮೊದಲಿಗಿಂತ ಎಷ್ಟೋ ಹೆಚ್ಚಾಗಿ ಹೇಳುತ್ತಿದ್ದರು. ಜೊತೆಗೆ ಮಾತ್ರೆಯನ್ನೂ ಮಾರುತ್ತಿದ್ದರು.